ಅಜ್ಜಿಯ ಮುಖದ ಕಲೆ ಅಳಿಸಬೇಕೆ?

ಧಾರವಾಡದ ಮಳೆಗಾಲ ಗೋಡೆಗಷ್ಟೇ ಅಲ್ಲ, ಗೋಡೆಯ ಮೇಲಿನ ಫೋಟೋಗಳಿಗೂ ಬೂಷ್ಟು ಹಿಡಿಸುತ್ತದೆ. ಅಂಚು ಹರಿದು, ಮೈತುಂಬ ಬಿಳಿ ಚುಕ್ಕೆಗಳೆದ್ದ ಕಪ್ಪು-ಬಿಳುಪು ಚಿತ್ರಗಳು ಅವಳಿನಗರದ ಹಳೆಯ ಮನೆಗಳಲ್ಲಿ ಅಪರೂಪವೇನಲ್ಲ. ಎಷ್ಟೋ ವೇಳೆ ಆ ಅಜ್ಜಿಯದೆಂದು ಉಳಿದಿರುವ ಫೋಟೋ ಅದೊಂದೇ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ವಿದ್ಯಾರ್ಥಿಗಳೇ ಅದನ್ನು ದುರಸ್ತಿ ಮಾಡಬಹುದು.

ಚಿತ್ರ ಗಾಜಿಗೆ ಅಂಟಿದ್ದರೆ ಕೀಳಬಾರದು. ಕಿತ್ತರೆ ಮುಖವೇ ಗಾಜಿಗೆ ಉಳಿದೀತು. ಗಾಜಿನ ಸಮೇತ ಇಂಚಿಗೆ 600 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿ, ಮೂಲ ಕಡತವನ್ನು ಎತ್ತಿಟ್ಟು, ಪ್ರತಿಯ ಮೇಲಷ್ಟೇ ಕೈಯಾಡಿಸಬೇಕು. 1990ರಲ್ಲಿ ಬಂದ ಫೋಟೋಶಾಪ್‌ಗೆ ಹಣ ತೆರಬೇಕು. ಗಿಂಪ್ ಉಚಿತ, ಈ ಕೆಲಸಕ್ಕೆ ಧಾರಾಳ ಸಾಕು.

ಕಂಪ್ಯೂಟರಿಗೆ ಚಿತ್ರವೆಂದರೆ ಅಂಕಿಗಳು. ಕಡುಗಪ್ಪು 0, ಅಚ್ಚ ಬಿಳುಪು 255. ಮಾಸಿದ ಚಿತ್ರದಲ್ಲಿ ಅಂಕಿಗಳೆಲ್ಲ, ಉದಾಹರಣೆಗೆ, 70ರಿಂದ 190ರ ನಡುವೆ ಮುದುಡಿರುತ್ತವೆ. 'ಲೆವೆಲ್ಸ್' ಎಂಬ ಸಲಕರಣೆ ಅವನ್ನು ಎರಡೂ ತುದಿಗೆ ಹಿಗ್ಗಿಸುತ್ತದೆ. ಚಿತ್ರಕ್ಕೆ ಜೀವ ಬರುತ್ತದೆ. ಆದರೆ ಪೂರ್ತಿ ಬಿಳಿಚಿ 255 ಆಗಿಹೋದ ಭಾಗದಿಂದ ಯಾವ ಸಲಕರಣೆಯೂ ಏನನ್ನೂ ಮರಳಿ ತರಲಾರದು.

ಚುಕ್ಕೆ, ಬಿರುಕುಗಳಿಗೆ ಎರಡು ಕುಂಚಗಳಿವೆ. 'ಕ್ಲೋನ್' ಪಕ್ಕದ ಭಾಗವನ್ನು ಇದ್ದಂತೆಯೇ ತಂದು ಅಂಟಿಸುತ್ತದೆ. ಸೀರೆಯ ಅಂಚಿನಂಥ ಗೆರೆಗಳಿಗೆ ಅದೇ ಲೇಸು. 'ಹೀಲಿಂಗ್' ತಂದ ತೇಪೆಯನ್ನು ಸುತ್ತಲಿನ ಬಣ್ಣಕ್ಕೆ ಹೊಂದಿಸುತ್ತದೆ. ಕೆನ್ನೆ, ಹಣೆಗೆ ಇದು ಒಳ್ಳೆಯದು.

ತಪ್ಪು ನಡೆಯುವುದೂ ಇಲ್ಲೇ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಅದಕ್ಕೆ ಮುಂಚಿನ ಎಷ್ಟೋ ಮುಖಗಳ ಮೇಲೆ ಅದರ ಹೊಂಡಗಳಿದ್ದವು. ಬೂಷ್ಟಿನ ಚುಕ್ಕೆಯೆಂದು ಅವನ್ನೂ ಒರೆಸಿದರೆ ಚೆಲುವಾದ ಇನ್ನಾರೋ ಹೆಂಗಸು ಗೋಡೆಗೆ ಬರುತ್ತಾಳೆ. ಮೊಬೈಲಿನ 'ಬ್ಯೂಟಿ' ಗುಂಡಿ ಮಾಡುವುದೂ ಇದನ್ನೇ. ಹಳೆಯ ಸ್ಟುಡಿಯೋದವರೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಸುಕ್ಕು ಮರೆಸುತ್ತಿದ್ದರೆನ್ನಿ!

ಎರಡನ್ನೂ ಬೇರ್ಪಡಿಸುವುದು ಹೇಗೆ? ಬೂಷ್ಟು ಕಾಗದದ ರೋಗ. ಅದು ಮುಖ, ಸೀರೆ, ಹಿಂದಿನ ಪರದೆ ಎನ್ನದೆ ಹರಡುತ್ತದೆ, ಅದಕ್ಕೆ ನೆರಳಿಲ್ಲ. ಸಿಡುಬಿನ ಹೊಂಡಕ್ಕೆ ನೆರಳುಂಟು. ಮೂಗಿನ ನೆರಳು ಬಲಕ್ಕೆ ಬಿದ್ದಿದ್ದರೆ, ಬೆಳಕು ಎಡದಿಂದ ಬಂದಿದೆ. ಆಗ ಹೊಂಡದ ಎಡ ಅಂಚು ಕಪ್ಪಾಗಿ, ಬಲ ಅಂಚು ಬೆಳಗಿರುತ್ತದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ತಿಳಿಯುತ್ತದೆ.

ಆದರೂ ಅನುಮಾನವಿದ್ದರೆ ಅಜ್ಜಿಯನ್ನು ಕಂಡಿದ್ದ ಹಿರಿಯರನ್ನು ಕೇಳಬೇಕು. ಅಲ್ಲಿಯವರೆಗೆ ಕುಂಚದ ಕೆಲಸವನ್ನೆಲ್ಲ ಬೇರೊಂದು 'ಲೇಯರ್'ನಲ್ಲಿ, ಅಂದರೆ ಚಿತ್ರದ ಮೇಲೆ ಹೊದಿಸಿದ ಪಾರದರ್ಶಕ ಹಾಳೆಯಂಥ ಪದರದಲ್ಲಿ ಮಾಡಿಟ್ಟರೆ, ತಪ್ಪಿ ಅಳಿಸಿದ ಕಲೆಯನ್ನು ಮರಳಿ ತರಬಹುದು.