ದುರ್ಬಲ ಪ್ರೇಮವೂ ಅರಮನೆಯ ಅಧಃಪತನವೂ

ಹಂಪೆಯ ಬಜಾರಿನ ಉದ್ದಕ್ಕೂ ನಡೆದು ವಿರೂಪಾಕ್ಷ ದೇವಾಲಯದ ಬಳಿಗೆ ಬಂದು, ಎಡಗಡೆಯ ಹೇಮಕೂಟವನ್ನೇರಿದರೆ ಮೂರು ಗರ್ಭಗುಡಿಗಳುಳ್ಳ ಕಲ್ಲಿನ ದೇಗುಲಗಳು ಕಾಣುವುವು. ಮುಮ್ಮಡಿ ಸಿಂಗೆಯ ನಾಯಕನ ಮಗನಾದ ವೀರ ಕಂಪಿಲದೇವನು ತನ್ನ ತಾಯಿತಂದೆಗಳ ನೆನಪಿಗಾಗಿ ಇಂತಹದೊಂದು ಶಿವಾಲಯವನ್ನು ಕಟ್ಟಿಸಿದನೆಂದು ಅಲ್ಲಿಯ ಶಾಸನವು ಹೇಳುವುದು. ಆಗ ಬಜಾರೂ ಇರಲಿಲ್ಲ, ವಿಜಯನಗರವೂ ಹುಟ್ಟಿರಲಿಲ್ಲ. ಹೆತ್ತವರನ್ನು ಹೀಗೆ ಸ್ಮರಿಸಿದ ಈ ಅರಸನನ್ನೇ ನಮ್ಮ ಸೀಮೆಯ ಬಯಲಾಟವು ಮಗನ ತಲೆಯನ್ನು ತರಲು ಆಜ್ಞೆಯಿತ್ತ ತಂದೆಯನ್ನಾಗಿ ರಂಗದ ಮೇಲೆ ನಿಲ್ಲಿಸುವುದು.

ಕುಮಾರರಾಮನ ಈ ಕಥೆಯನ್ನು 16ನೆಯ ಶತಮಾನದಲ್ಲಿ ನಂಜುಂಡ ಕವಿಯು ಸಾಂಗತ್ಯದಲ್ಲಿ ವಿಸ್ತಾರವಾಗಿ ಹಾಡಿದ್ದಾನೆ. ರಾಮನು ಆಡುತ್ತಿದ್ದ ಚೆಂಡು ಮಲತಾಯಿಯಾದ ರತ್ನಾಜಿಯ ಅರಮನೆಯೊಳಕ್ಕೆ ಬೀಳುವುದು. ಅದನ್ನು ತರಲು ಹೋದವನನ್ನು ಆಕೆ ಮೋಹಿಸುವಳು. ಆತನು ತಾಯಿಯೆಂದು ಕರೆದು ನಿರಾಕರಿಸಲು, ಆ ಮೋಹವು ಕ್ಷಣದಲ್ಲಿ ಹಗೆಯಾಗಿ, ಆಕೆ ತಪ್ಪನ್ನು ಅವನ ಮೇಲೆಯೇ ಹೊರಿಸುವಳು. ಅರಸನು ಕೂಡಲೇ ಮರಣದಂಡನೆಯನ್ನು ವಿಧಿಸುವನು.

ಆಟವನ್ನು ನೋಡುವವರು ಸಾಮಾನ್ಯವಾಗಿ ರತ್ನಾಜಿಯೊಬ್ಬಳನ್ನೇ ಶಪಿಸಿ ಮನೆಗೆ ಹೋಗುವರು. ಸ್ತ್ರೀಬುದ್ಧಿಯೇ ಹೀಗೆಂದು ನುಡಿಯುವ ಹಿರಿಯರೂ ಉಂಟು. ಆಕೆಯ ಅಪರಾಧವು ಘೋರವಾದುದೇ ಸರಿ. ಆದರೆ ಇಷ್ಟಕ್ಕೇ ವಿಚಾರವು ಮುಗಿಯಿತೆಂದು ನಾವು ಒಪ್ಪಲಾರೆವು. ಸುಳ್ಳನ್ನಾಡಿದವಳು ರಾಣಿ, ಕೊಲ್ಲುವ ಅಧಿಕಾರವಿದ್ದುದು ರಾಜನಿಗೆ. ಬಾಲ್ಯದಿಂದಲೂ ತಾನು ಕಂಡ ಮಗನನ್ನು ಕರೆದು, ‘ಮಗನೇ, ಇದು ನಿಜವೇ?’ ಎಂಬ ಒಂದು ಮಾತನ್ನಾದರೂ ಅವನೇಕೆ ಕೇಳಲಿಲ್ಲ? ಇಳಿವಯಸ್ಸಿನಲ್ಲಿ ತರುಣಿಯನ್ನು ವರಿಸಿದವನಿಗೆ ಆಕೆಯ ಮುನಿಸಿನ ಭಯವು ಮಗನ ಮೇಲಣ ಮಮತೆಗಿಂತ ಹೆಚ್ಚಾಗಿತ್ತು. ಆಕೆಯ ಮೇಲೆ ಅವನಿಗಿದ್ದುದೂ ನಿಜವಾದ ಪ್ರೇಮವೆಂದು ನಮಗೆ ತೋರುವುದಿಲ್ಲ. ಪ್ರೇಮಿಸಿದ್ದರೆ ಆಕೆಯ ಮನಸ್ಸನ್ನು ಅರಿಯುತ್ತಿದ್ದನು.

ಬಳ್ಳಾರಿಯಲ್ಲಿ ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ತೆಲುಗಿನಲ್ಲಿ ರಚಿಸಿದ ‘ವಿಷಾದ ಸಾರಂಗಧರ’ವೆಂಬ ದುಃಖಾಂತ ನಾಟಕದಲ್ಲಿಯೂ ಇಂತಹ ಅರಮನೆಯೇ ಕಾಣುವುದು. ಅಲ್ಲಿ ಚೆಂಡಿನ ಬದಲು ಪಾರಿವಾಳ, ರತ್ನಾಜಿಯ ಬದಲು ಚಿತ್ರಾಂಗಿ. ರಾಜರಾಜ ನರೇಂದ್ರನಿಗೆ ಸತ್ಯವು ತಿಳಿಯುವುದು ಮಗನ ಕೈಕಾಲುಗಳನ್ನು ಕಡಿಸಿದ ಮೇಲೆ. ಗ್ರೀಕ್ ಕವಿ ಯೂರಿಪಿಡೀಸನು ಕ್ರಿ. ಪೂ. 428ರಲ್ಲಿ ಆಡಿಸಿದ ‘ಹಿಪ್ಪೊಲಿಟಸ್’ ನಾಟಕದ ತಂದೆಯೂ ಮೊದಲು ಶಪಿಸಿ ಆಮೇಲೆ ಅಳುವನು. ಯೋಸೇಫನ ವೃತ್ತಾಂತವನ್ನು ಓದಿದ ನಮ್ಮ ವಿದ್ಯಾರ್ಥಿನಿಯರಿಗೆ ಪೋಟೀಫರನೂ ನೆನಪಿಗೆ ಬರಬಹುದು. ಆದರೆ ಅವನು ಯಜಮಾನನೇ ಹೊರತು ತಂದೆಯಲ್ಲ.

ಚರಿತ್ರೆಯ ಕಂಪಿಲನಾದರೋ ಬೇರೆ ರೀತಿಯವನು. ದಿಲ್ಲಿಯ ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಓಡಿಬಂದ ಬಹಾವುದ್ದೀನನಿಗೆ ಆಶ್ರಯವಿತ್ತು, ಅವನನ್ನು ಒಪ್ಪಿಸಿಕೊಡಲು ಮನಸ್ಸಿಲ್ಲದೆ, 1327ರ ಸುಮಾರಿನಲ್ಲಿ ಈತನು ಹೋರಾಡಿ ಮಡಿದನು. ಪರದೇಶದ ಶರಣಾಗತನಿಗಾಗಿ ರಾಜ್ಯವನ್ನೇ ತೆತ್ತವನಿಂದ ಕಥೆಯಲ್ಲಿ ಸ್ವಂತ ಮಗನಿಗೆ ಒಂದು ದಿನದ ವಿಚಾರಣೆಯೂ ದೊರೆಯಲಿಲ್ಲವೆಂಬುದನ್ನು ಬರೆಯುವಾಗ ನಮ್ಮ ಲೇಖನಿಯು ಕ್ಷಣಕಾಲ ನಿಲ್ಲುವುದು.

ಆ ಆಸ್ಥಾನದಲ್ಲಿ ಗಟ್ಟಿಯಾದ ಪ್ರೇಮವಿದ್ದುದು ಮಂತ್ರಿ ಬೈಚಪ್ಪನೊಬ್ಬನಲ್ಲಿ. ಆತನು ರಾಜಾಜ್ಞೆಯನ್ನು ಮೀರಿ ರಾಮನನ್ನು ನೆಲಮನೆಯಲ್ಲಿ ಅಡಗಿಸಿ, ಅವನನ್ನು ಹೋಲುವ ಬೇರೊಂದು ತಲೆಯನ್ನು ತೋರಿಸುವನು. ಅರಸನೇ ಸತ್ಯವನ್ನು ಕೇಳಲೊಲ್ಲದ ಮನೆಯಲ್ಲಿ ಸಜ್ಜನನೂ ಸುಳ್ಳನ್ನೇ ಆಶ್ರಯಿಸಬೇಕಾಯಿತು. ಅರಮನೆಯು ಎಷ್ಟು ಕೆಟ್ಟಿತ್ತೆಂಬುದು ನಮಗೆ ರತ್ನಾಜಿಯ ಮಾತಿಗಿಂತಲೂ ಇದರಿಂದಲೇ ಹೆಚ್ಚಾಗಿ ತಿಳಿಯುವುದು. ಬಳಿಕ ದಿಲ್ಲಿಯ ಸೈನ್ಯವು ಕೋಟೆಯನ್ನು ಮುತ್ತಲು, ರಾಮನಿದ್ದಿದ್ದರೆ ಎಂದು ಕಂಪಿಲನು ಮರುಗುವನು. ಬೈಚಪ್ಪನು ಹೋಗಿ ನೆಲಮನೆಯ ಬಾಗಿಲನ್ನು ತೆರೆಯುವನು.