ಊರಿನ ಕಲೆ ಊರಿನ ಕೆಲಸಕ್ಕೆ



ನಿಮ್ಮ ಊರಿನಲ್ಲಿ ಹಾಡು ಬಲ್ಲವರು ಎಷ್ಟು ಮಂದಿ ಇದ್ದಾರೆಂದು ಎಂದಾದರೂ ಎಣಿಸಿದ್ದೀರಾ? ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವವರು, ಡೊಳ್ಳು ಬಾರಿಸುವವರು, ಗೀಗೀ ಮೇಳದವರು, ದೊಡ್ಡಾಟದಲ್ಲಿ ವೇಷ ಕಟ್ಟುವವರು, ಮದುವೆ ಮನೆಯಲ್ಲಿ ಸೋಬಾನೆ ಹೇಳುವ ಹಿರಿಯ ತಾಯಂದಿರು, ಗೋಡೆಯ ಮೇಲೆ ಅಕ್ಷರ ಬರೆಯುವ ಪೇಂಟರು, ಹೀಗೆ ಲೆಕ್ಕ ಹಾಕಿದರೆ ಸಣ್ಣ ಊರಿನಲ್ಲೂ ಇಪ್ಪತ್ತು ಮಂದಿಗೆ ಕಡಿಮೆ ಇರಲಾರರು. ಊರಿನಲ್ಲಿ ಎಷ್ಟು ಎತ್ತು, ಎಷ್ಟು ಎಮ್ಮೆ, ಎಷ್ಟು ಕೊಳವೆ ಬಾವಿ ಎಂದು ಕೇಳಿದರೆ ಪಂಚಾಯಿತಿಯಲ್ಲಿ ಕಾಗದ ಸಿಗುತ್ತದೆ. ಈ ಜನರ ಲೆಕ್ಕ ಮಾತ್ರ ಯಾರ ಬಳಿಯೂ ಇರುವುದಿಲ್ಲ. ಜಾತ್ರೆ ಬಂದಾಗ ನೆನಪಾಗುತ್ತಾರೆ, ತೇರು ಎಳೆದಾದ ಮೇಲೆ ಮರೆತುಹೋಗುತ್ತಾರೆ.

ಇವರ ವಿದ್ಯೆಯಿಂದ ಊರಿಗೆ ಏನು ಕೆಲಸವಾಗಬಲ್ಲದು, ಬೇರೆ ಕಡೆಗಳಲ್ಲಿ ಏನಾಗಿದೆ, ಮಾಡಿಸಿಕೊಳ್ಳುವ ನಮ್ಮ ಹೊಣೆ ಏನು ಎಂಬುದನ್ನು ಈ ಸಂಚಿಕೆಯಲ್ಲಿ ತಿಳಿಸಲು ಇಚ್ಛಿಸುತ್ತೇನೆ.

ನಾನು ಕೃಷಿ ಡಿಪ್ಲೊಮಾ ಓದಿ ಗ್ರಾಮಸೇವೆಗೆ ಬಂದವನು. ಬೀಜೋಪಚಾರದ ಬಗ್ಗೆ ನಾನು ಸಭೆಯಲ್ಲಿ ಅರ್ಧ ಗಂಟೆ ಮಾತನಾಡಿದರೆ ಮುಂದಿನ ಸಾಲಿನಲ್ಲಿ ಕುಳಿತವರು ಮರ್ಯಾದೆಗೆ ತಲೆಯಾಡಿಸುತ್ತಾರೆ. ಹಿಂದಿನವರು ಬೀಡಿ ಸೇದಲು ಎದ್ದು ಹೋಗುತ್ತಾರೆ. ಹೆಣ್ಣುಮಕ್ಕಳಂತೂ ಸಭೆಗೆ ಬರುವುದೇ ಕಡಿಮೆ. ಬಿತ್ತನೆ ಬೀಜ ಆರಿಸಿ, ಒಣಗಿಸಿ, ಗಡಿಗೆಯಲ್ಲಿ ಕಾಪಾಡುವವರು ಮನೆಮನೆಗೂ ಅವರೇ. ಅದೇ ಮಾತು ಹಾಡಾಗಿ ಬಂದರೆ ಮರುದಿನ ದನ ಕಾಯುವ ಹುಡುಗರ ಬಾಯಲ್ಲಿ ಇರುತ್ತದೆ. ಫೋನಿಗೆ ಬಂದ ಸಂದೇಶವನ್ನು ಬೆರಳಿನಿಂದ ಸರಿಸಿಬಿಡಬಹುದು. ಊರ ಕಟ್ಟೆಯ ಮೇಲೆ ನಮ್ಮವರೇ ನಿಂತು ಹಾಡುವಾಗ ಹಾಗೆ ಸರಿಸಲಾಗುವುದಿಲ್ಲ.

ಇದು ಹೊಸ ಸಂಗತಿಯೇನೂ ಅಲ್ಲ. ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಉತ್ತರ ಕರ್ನಾಟಕದ ಗೀಗೀ ಮೇಳಗಳು ಡಪ್ಪು ತುಂತುಣಿ ಹಿಡಿದು ದೇಶಭಕ್ತಿಯ ಪದ ಹಾಡುತ್ತ ಹಳ್ಳಿಗಳನ್ನು ತಿರುಗಿದವು. ಸ್ವಾತಂತ್ರ್ಯ ಬಂದ ಮೇಲೆ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಎರಡು ವರ್ಷದೊಳಗೆ, 1954ರಲ್ಲಿ, ಕೇಂದ್ರ ಸರ್ಕಾರ ಗೀತ ಮತ್ತು ನಾಟಕ ವಿಭಾಗವನ್ನು ತೆರೆಯಿತು. ಯೋಜನೆಯ ವಿಷಯಗಳನ್ನು ಹಾಡು, ನಾಟಕ, ಗೊಂಬೆಯಾಟದ ಮೂಲಕ ಜನರಿಗೆ ತಲಪಿಸುವುದು ಅದರ ಕೆಲಸವಾಗಿತ್ತು. ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣ ಆಡಿಸುವ ಅದೇ ತೊಗಲು ಗೊಂಬೆಯ ವಿದ್ಯೆಯಿಂದ ಗಾಂಧೀಜಿಯವರ ಕಥೆಯನ್ನು ಪರದೆಯ ಮೇಲೆ ತಂದರು.

ಆದರೆ ಸರ್ಕಾರ ಕಳುಹಿಸಿದ ಮೇಳಕ್ಕೂ ಊರಿನ ನೋವಿನಿಂದಲೇ ಎದ್ದ ಹಾಡಿಗೂ ಬಹಳ ಅಂತರವಿದೆ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಉತ್ತರ ಕನ್ನಡದ ಒಬ್ಬ ತಾಯಿಯ ಬದುಕು ಸಾಕ್ಷಿಯಾಗಿದೆ.

ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡ ಅವರ ಹೆಸರನ್ನು ನೀವು ಕೇಳಿರಬಹುದು. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಸಾವಿರಾರು ಸಂಖ್ಯೆಯಲ್ಲಿ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಜನ ಅವರನ್ನು ಹಾಲಕ್ಕಿ ಕೋಗಿಲೆ ಎಂದು ಕರೆದರು. ಇಷ್ಟು ಪತ್ರಿಕೆಗಳಲ್ಲಿ ಬಂದ ವಿಷಯ. ಅವರು ಸಾಕಿಕೊಂಡಿದ್ದ ಮಗ ಕುಡಿತಕ್ಕೆ ಬಲಿಯಾದ. ದುಃಖಪಟ್ಟು ಮನೆಯೊಳಗೆ ಕುಳಿತಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವರು ಊರಿನ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿ ಮಾರಾಟದ ವಿರುದ್ಧ ನಿಂತರು. ನೆಟ್ಟಿ ಮಾಡುವಾಗ, ಮದುವೆ ಮನೆಯಲ್ಲಿ, ಸುಗ್ಗಿಯಲ್ಲಿ ಅವರ ಹಾಡು ಕೇಳಿ ಬೆಳೆದ ಜನಕ್ಕೆ ಆ ದನಿ ಗುರುತಿತ್ತು. ಅವರ ಮಾತಿಗೆ ಬೆಲೆ ಬಂದುದು ಅದರಿಂದ. ಹೊರಗಿನಿಂದ ಬಂದ ಭಾಷಣಕಾರರು ಅದೇ ಮಾತು ಹೇಳಿದ್ದರೆ ಚಪ್ಪಾಳೆ ತಟ್ಟಿ ಸಂಜೆ ಅಂಗಡಿಗೆ ಹೋಗುವವರು ಹೋಗಿಯೇ ಹೋಗುತ್ತಿದ್ದರು. ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಿಂದ. ಬಡಗೇರಿಯ ತಾಯಂದಿರಂತೆ ಅನೇಕ ಕಡೆ ಹೆಣ್ಣುಮಕ್ಕಳು ಬಹುಕಾಲ ಮೊದಲೇ ಬೀದಿಗೆ ಇಳಿದಿದ್ದರು ಎಂಬುದನ್ನು ಮರೆಯಬಾರದು. 2017ರಲ್ಲಿ ಸುಕ್ರಜ್ಜಿಗೆ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು.

ಸಾರಾಯಿ ಹೋದರೂ ಕುಡಿತ ಹೋಗಿಲ್ಲ ಎಂಬುದು ನಿಮಗೂ ಗೊತ್ತು. ಆ ವಿಷಯದಲ್ಲಿ ಹಾಡು ಕಟ್ಟುವ ಮೇಳದವರಿಗೆ ಒಂದು ಮಾತು: ಊರಿನ ಯಾರೊಬ್ಬರ ಹೆಸರನ್ನೂ, ಹೆಸರು ಹೇಳದೆ ಚಹರೆಯನ್ನೂ ಹಾಡಿಗೆ ತರಕೂಡದು. ನಗೆಪಾಟಲಾದವನು ಕುಡಿತ ಬಿಡುವುದಿಲ್ಲ. ಮನೆಗೆ ಹೋಗಿ ಹೆಂಡತಿಯ ಮೇಲೆ ಸಿಟ್ಟು ತೀರಿಸುತ್ತಾನೆ.

ಇನ್ನು ನೆರೆಯ ಕೇರಳದ ವಿಷಯ. ಅಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು ಎಂಬ ಸಂಸ್ಥೆಯವರು 1980ರಿಂದ ಕಲಾಜಾಥಾ ಎಂಬುದನ್ನು ನಡೆಸಿದರು. ಹಾಡು ಮತ್ತು ಬೀದಿನಾಟಕ ಕಲಿತ ತಂಡವೊಂದು ಊರಿಂದೂರಿಗೆ ಹೋಗಿ, ಕೂಡುರಸ್ತೆಯಲ್ಲಿ ಆಡಿ ಮುಂದಿನ ಊರಿಗೆ ನಡೆಯುವುದು. ಮುಂದೆ ಎರ್ನಾಕುಳಂ ಜಿಲ್ಲೆಯಲ್ಲಿ ಎಲ್ಲರಿಗೂ ಅಕ್ಷರ ಕಲಿಸುವ ಕಾರ್ಯ ಕೈಗೊಂಡಾಗ ಈ ಜಾಥಾಗಳೇ ಮೊದಲು ಹೋದವು. 1990ರ ಫೆಬ್ರವರಿ 4ರಂದು ಆ ಜಿಲ್ಲೆಯನ್ನು ಸಂಪೂರ್ಣ ಸಾಕ್ಷರವೆಂದು ಸಾರಲಾಯಿತು. ದೇಶದಲ್ಲೇ ಅದು ಮೊದಲ ಜಿಲ್ಲೆ. ಆ ಬಳಿಕ ನಮ್ಮ ರಾಜ್ಯದ ಸಾಕ್ಷರತಾ ಆಂದೋಲನದಲ್ಲೂ ಕಲಾಜಾಥಾಗಳು ಊರೂರು ತಿರುಗಿದವು. ನಿಮ್ಮಲ್ಲಿ ಹಿರಿಯರಿಗೆ ಅದರ ನೆನಪಿರಬಹುದು. ಗಮನಿಸಬೇಕಾದ ಅಂಶವೆಂದರೆ ನಾಟಕ ನೋಡಿ ಯಾರೂ ಅಕ್ಷರ ಕಲಿಯಲಿಲ್ಲ. ನಾಟಕ ಜನರನ್ನು ಹೊರಡಿಸಿತು, ಕಲಿಸುವುದಕ್ಕೆ ಸ್ವಯಂಸೇವಕರು ಸಿದ್ಧರಾಗಿದ್ದರು. ಎರಡೂ ಕೂಡಿದ್ದರಿಂದ ಕೆಲಸವಾಯಿತು.

ರೈತರಾದ ನೀವು ಮುಖ್ಯವಾಗಿ ತಿಳಿಯಬೇಕಾದ ಊರು ಹೆಗ್ಗೋಡು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಸಣ್ಣ ಹಳ್ಳಿ. 1949ರಲ್ಲಿ ಅಲ್ಲಿನ ಕೆಲವರು ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು ಕಟ್ಟಿಕೊಂಡರು. ನೀನಾಸಂ ಎಂದು ಈಗ ಪ್ರಸಿದ್ಧವಾಗಿರುವುದು ಅದೇ. ಮುಂದೆ ನಿಂತು ನಡೆಸಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರು. ತೋಟದ ಕೆಲಸ ಬಿಟ್ಟು ಪಟ್ಟಣ ಸೇರಿ ಕಲಾವಿದರಾದವರಲ್ಲ. ತೋಟವನ್ನೂ ನೋಡಿಕೊಂಡು, ಊರಿನಲ್ಲೇ ಇದ್ದು ನಾಟಕ ಕಟ್ಟಿದರು. 1972ರಲ್ಲಿ ರಂಗಮಂದಿರವಾಯಿತು, ಅದಕ್ಕೆ ಶಿವರಾಮ ಕಾರಂತರ ಹೆಸರಿಟ್ಟರು. 1980ರಲ್ಲಿ ನಾಟಕ ಕಲಿಸುವ ಶಾಲೆ ತೆರೆದರು. 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ತಂಡ ಹೊರಟಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡ ಮೇಲೂ ಸಂಘದ ಕೆಲಸ ನಿಲ್ಲಲಿಲ್ಲ. ಒಳ್ಳೆಯದೆಲ್ಲ ಪೇಟೆಯಲ್ಲಿದೆ ಎಂದು ಹುಡುಗರು ಊರು ಬಿಡುವ ಈ ಕಾಲದಲ್ಲಿ, ಪೇಟೆಯವರೇ ನಾಟಕ ಕಲಿಯಲು ಹಳ್ಳಿಗೆ ಬರುವಂತೆ ಮಾಡಿದ್ದು ಸಣ್ಣ ಮಾತಲ್ಲ.

ಅದೇ ಹೆಗ್ಗೋಡಿನ ಬಳಿ ಇನ್ನೊಂದು ಕೆಲಸ ನಡೆಯಿತು. ರಂಗನಿರ್ದೇಶಕ ಪ್ರಸನ್ನ ಅವರು ತೊಂಬತ್ತರ ದಶಕದಲ್ಲಿ ಗ್ರಾಮೀಣ ಹೆಣ್ಣುಮಕ್ಕಳನ್ನು ಕೂಡಿಸಿ ‘ಚರಕ’ ಎಂಬ ಕೈಮಗ್ಗದ ಸಹಕಾರ ಸಂಘವನ್ನು ಕಟ್ಟಿದರು. ನೇಯುವವರೂ ಬಣ್ಣ ಹಾಕುವವರೂ ಹೊಲಿಯುವವರೂ ಸುತ್ತಲ ಹಳ್ಳಿಯ ತಾಯಂದಿರು. ಬಣ್ಣಗಳು ಗಿಡಮೂಲದವು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದಲೂ ಬಟ್ಟೆಗೆ ಬಣ್ಣ ಕಟ್ಟಿದರು. ಬಣ್ಣಕ್ಕೆ ಬಣ್ಣ ಹೊಂದುವುದನ್ನು ಕಾಣುವ ಕಲಾವಿದನ ಕಣ್ಣು ಇಲ್ಲಿ ಕೂಲಿಯಾಗಿ, ಸಂಬಳವಾಗಿ ಮನೆ ಸೇರಿತು. ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡವೆಂದು 2017ರಲ್ಲಿ ಪ್ರಸನ್ನ ಅವರು ಉಪವಾಸವನ್ನೂ ಮಾಡಿದರು. ಎಲ್ಲವೂ ಸುಗಮವಾಗಿ ನಡೆಯಿತೆಂದು ಹೇಳಿ ನಿಮ್ಮನ್ನು ಮರುಳು ಮಾಡಲಾರೆ. 2020ರಲ್ಲಿ ಬಟ್ಟೆ ಮಾರಾಟವಾಗದೆ ಚರಕ ದೊಡ್ಡ ಸಂಕಷ್ಟಕ್ಕೆ ಸಿಲುಕಿತು. ಕಲೆ ಇದ್ದರೂ ಸಂತೆ ಬೇಕು. ಬೆಳೆ ಬೆಳೆಯುವ ನಿಮಗೆ ಇದನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಈಗ ನಮ್ಮ ಬ್ಲಾಕಿನ ಊರುಗಳಲ್ಲಿ ಏನು ಮಾಡಬಹುದು? ಹತ್ತಾರು ಕೆಲಸವಿದೆ. ಮುಂಗಾರಿಗೆ ಮುಂಚೆ ಆಗಲೇಬೇಕಾದ ಒಂದನ್ನು ತೆಗೆದುಕೊಳ್ಳೋಣ, ಬೀಜದ ಮೊಳಕೆ ಪರೀಕ್ಷೆ.

ಸೋಯಾ ಅವರೆಯ ಸಿಪ್ಪೆ ಬಲು ತೆಳು. ಮಿಷನ್ನಿನಲ್ಲಿ ಒಕ್ಕುವಾಗ, ಚೀಲ ಎತ್ತಿ ಒಗೆಯುವಾಗ ಒಳಗೇ ಪೆಟ್ಟಾಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಿತ್ತಿದ ಮೇಲೆ ಸಾಲು ಸಾಲೇ ಖಾಲಿ ಬೀಳುತ್ತದೆ. ಎರಡನೆಯ ಸಲ ಬಿತ್ತುವ ಹೊತ್ತಿಗೆ ಹದ ಹೋಗಿರುತ್ತದೆ, ಸಾಲ ಏರಿರುತ್ತದೆ. ಇದನ್ನು ತಪ್ಪಿಸಲು ಚೀಲದ ಮೇಲೆ, ನಡುವೆ, ತಳದಿಂದ ಕಾಳು ತೆಗೆದು ಬೆರೆಸಿ, ಆರಿಸದೆ ನೂರು ಕಾಳು ಎಣಿಸಬೇಕು. ಒದ್ದೆ ಗೋಣಿಯ ಮೇಲೆ ಸಾಲಾಗಿ ಇಟ್ಟು, ಸುತ್ತಿ, ನೆರಳಿನಲ್ಲಿಡಬೇಕು. ಆರದಂತೆ ನೀರು ಚಿಮುಕಿಸಬೇಕು. ಏಳೆಂಟು ದಿನಕ್ಕೆ ಬಿಚ್ಚಿ, ಗಟ್ಟಿಯಾಗಿ ಮೊಳೆತವನ್ನು ಎಣಿಸಬೇಕು. ಪ್ರಮಾಣಿತ ಬೀಜಕ್ಕೆ ಸೋಯಾ ಅವರೆಯಲ್ಲಿ ಕನಿಷ್ಠ 70, ಶೇಂಗಾದಲ್ಲಿ 70, ತೊಗರಿ ಮತ್ತು ಜೋಳದಲ್ಲಿ 75 ಮೊಳೆಯಬೇಕೆಂದು ನಿಯಮವಿದೆ.

ಇಷ್ಟನ್ನೂ ಹಾಡಿಗೆ ತುಂಬಿದರೆ ಹಾಡು ಸತ್ತುಹೋಗುತ್ತದೆ! ಮೇಳದವರಿಗೆ ನಾವು ಕೊಡಬೇಕಾದದ್ದು ಒಂದು ಕೆಲಸ, ಎರಡು ಅಂಕಿ. ‘ನೂರು ಕಾಳು ಎಣಿಸವ್ವ, ಒದ್ದೆ ಗೋಣಿ ಸುತ್ತವ್ವ, ಎಪ್ಪತ್ತು ಎದ್ದರೆ ಬಿತ್ತವ್ವ’ ಎಂಬಂಥ ಪಲ್ಲವಿ ಇದ್ದರೆ ಸಾಕು. ನಾನು ಬರೆದದ್ದು ಒರಟಾಗಿದೆ, ಮೇಳದವರು ಇದಕ್ಕಿಂತ ಚೆನ್ನಾಗಿ ಕಟ್ಟುತ್ತಾರೆ. ನಾವು ನೋಡಿಕೊಳ್ಳಬೇಕಾದದ್ದು ಅಂಕಿ ತಪ್ಪದಂತೆ ಮಾತ್ರ. ಉಳಿದದ್ದರಲ್ಲಿ ಕೈ ಹಾಕಬಾರದು. ಇಲಾಖೆಯ ಕರಪತ್ರವನ್ನು ರಾಗ ಹಾಕಿ ಓದಿಸಿದರೆ ಜನ ಆಕಳಿಸುತ್ತಾರೆ, ಹಾಡುವವರಿಗೂ ಅವಮಾನ.

ಹರದೇಶಿ-ನಾಗೇಶಿ ಹಾಡುವವರಿದ್ದರೆ ಇನ್ನೂ ಒಳ್ಳೆಯದು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಇರುಳೆಲ್ಲ ವಾದ ಮಾಡುವ ಮೇಳಗಳಿಗೆ ಮನೆಬೀಜ ಹೆಚ್ಚೋ ಕೊಂಡ ಬೀಜ ಹೆಚ್ಚೋ ಎಂದು ಹಚ್ಚಿ ನೋಡಿ. ಎರಡು ಪಕ್ಷದಲ್ಲೂ ಸತ್ಯವಿದೆ. ಹೈಬ್ರಿಡ್ ಮೆಕ್ಕೆಜೋಳವನ್ನು ಇಟ್ಟುಕೊಂಡು ಬಿತ್ತಿದರೆ ಇಳುವರಿ ಬೀಳುತ್ತದೆ, ವರ್ಷವರ್ಷವೂ ಕೊಳ್ಳಲೇಬೇಕು. ಸೋಯಾ ಅವರೆಯ ತಳಿಗಳನ್ನು ಮನೆಯಲ್ಲಿಟ್ಟು ಎರಡು ಮೂರು ವರ್ಷ ಬಿತ್ತಬಹುದು. ವಾದ ಬೆಳೆದಂತೆ ವಿಷಯ ತಾನೇ ಬಿಚ್ಚಿಕೊಳ್ಳುತ್ತದೆ.

ಪೇಂಟರ ಕೆಲಸ ಬೇರೆ. ಔಷಧದ ಡಬ್ಬಿಯ ಮೇಲೆ ವಜ್ರಾಕಾರದ ಒಂದು ಗುರುತು ಇರುತ್ತದೆ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಎಂದರೆ ಅತ್ಯಂತ ಘೋರ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನೀಲಿ ಮಧ್ಯಮ, ಹಸಿರು ಅಲ್ಪ ವಿಷ. ಹಸಿರೆಂದರೆ ಅಪಾಯವಿಲ್ಲವೆಂದು ತಿಳಿಯಬಾರದು, ಅದೂ ವಿಷವೇ. ಬೆಳೆಗೆ ಹೊಡೆಯಲು ಡಬ್ಬಿ ತೆರೆಯುವ ಕೂಲಿಯವರಲ್ಲಿ ಓದು ಬಾರದವರು ಬಹಳ. ಸೊಸೈಟಿಯ ಗೋಡೆಯ ಮೇಲೆ ಈ ನಾಲ್ಕು ಗುರುತನ್ನು ಆಳೆತ್ತರ ಬರೆಸಿದರೆ, ಪಕ್ಕದಲ್ಲಿ ಮೂಗು ಬಾಯಿ ಮುಚ್ಚಿ, ಕೈಗೆ ಚೀಲ ಹಾಕಿ, ಗಾಳಿ ಬೀಸುವ ಕಡೆಗೆ ಹೊಡೆಯುವ ಒಬ್ಬ ರೈತನ ಚಿತ್ರ ಬರೆಸಿದರೆ, ಅಕ್ಷರ ಬಾರದವರಿಗೂ ತಿಳಿಯುತ್ತದೆ. ಚಿತ್ರದ ರೈತ ನಮ್ಮ ಊರಿನವನಂತೆ ಇರಲಿ, ಸಿನಿಮಾ ನಟನಂತೆ ಬೇಡ.

ಹಾಡಿದ ಮರುದಿನ ಬೆಳಿಗ್ಗೆ ಬೇಕಾದ ಸಾಮಾನು ಸಿದ್ಧವಿರಬೇಕು. ಮೊಳಕೆಯ ಹಾಡಾದರೆ ಗೋಣಿ ಮತ್ತು ಬೀಜದೊಡನೆ ಸ್ವಸಹಾಯ ಸಂಘದ ತಾಯಂದಿರು ಕಟ್ಟೆಯ ಬಳಿ ಇರಬೇಕು. ಬೀಜೋಪಚಾರದ ಹಾಡಾದರೆ ಔಷಧ ರೈತ ಸಂಪರ್ಕ ಕೇಂದ್ರದಲ್ಲಿ ಇದೆಯೇ ಎಂದು ಮೊದಲೇ ವಿಚಾರಿಸಬೇಕು. ಇಲ್ಲವಾದರೆ ಹಾಡನ್ನು ಮುಂದಕ್ಕೆ ಹಾಕುವುದು ಉತ್ತಮ.

ಇನ್ನು ಹಣದ ಮಾತು. ಊರಿನವರು ತಾನೇ ಎಂದು ಕಲಾವಿದರನ್ನು ಬಿಟ್ಟಿ ಕರೆಯುವ ಅಭ್ಯಾಸವನ್ನು ಬಿಡಬೇಕು. ಪಟ್ಟಣದ ಆರ್ಕೆಸ್ಟ್ರಾಕ್ಕೆ ಸಾವಿರಗಟ್ಟಲೆ ಎಣಿಸಿ, ನಮ್ಮ ಮೇಳದವರಿಗೆ ಊಟ ಹಾಕಿ ಕಳುಹಿಸುವುದು ನ್ಯಾಯವಲ್ಲ. ಅವರೂ ಕೂಲಿ ಮಾಡಿ ಬದುಕುವವರು. ಒಂದು ರಾತ್ರಿ ಹಾಡಿದರೆ ಮರುದಿನದ ಕೂಲಿ ಹೋಗುತ್ತದೆ. ಕಡೆಯ ಪಕ್ಷ ಎರಡು ದಿನದ ಕೂಲಿಗೆ ಸಮನಾದ ಹಣವನ್ನು ತಲೆಗಿಷ್ಟೆಂದು ಮುಂಚೆಯೇ ಗೊತ್ತು ಮಾಡಿ, ಅದೇ ರಾತ್ರಿ ಕೊಡಬೇಕು. ಪೇಂಟರಿಗೆ ಬಣ್ಣದ ಖರ್ಚು ಬೇರೆ. 58 ವರ್ಷ ದಾಟಿ ಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಮಾಸಾಶನ ಸಿಗುತ್ತದೆ. ಅರ್ಜಿ ಹಾಕಲು ಅವರಿಗೆ ಓದಿದ ಹುಡುಗರು ನೆರವಾಗಬೇಕು.

ನಿಮ್ಮ ಊರಿನ ಹಾಡುವವರ, ಬಾರಿಸುವವರ, ಬರೆಯುವವರ ಹೆಸರನ್ನು ಒಂದು ಹಾಳೆಯಲ್ಲಿ ಬರೆದು, ಯಾರಿಗೆ ಯಾವ ವಿದ್ಯೆ ಬರುತ್ತದೆಂದು ಎದುರಿಗೆ ಗುರುತು ಮಾಡಿ, ಗ್ರಾಮ ಪಂಚಾಯಿತಿಯಲ್ಲಿ ಒಂದು ಪ್ರತಿ ಇಟ್ಟು ಇನ್ನೊಂದನ್ನು ನನಗೆ ಕೊಡಿರಿ. ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ, ಸೋಬಾನೆಯವರನ್ನು ಮೊದಲು ಬರೆಯಿರಿ. ರೋಹಿಣಿ ಮಳೆಗೆ ಇಪ್ಪತ್ತು ದಿನ ಮುಂಚೆ ಪಟ್ಟಿ ಕೈಸೇರಿದರೆ, ಮೇಳದವರೊಡನೆ ಕುಳಿತು ಮಾತನಾಡಲು ಸಮಯ ಸಿಗುತ್ತದೆ.

ನಿಮ್ಮ ಗ್ರಾಮಸೇವಕ