ರವಿವರ್ಮನ ಸೀರೆ, ಪ್ಯಾರಿಸ್ಸಿನ ಕಲ್ಲಚ್ಚು
ನಿಮಗಿದು ಗೊತ್ತೆ?

ನಂಜನಗೂಡು, ತಿ. ನರಸೀಪುರ ಕಡೆಯ ಹಳೇ ಮನೆಗಳಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ, ಚಿತ್ರಕಾರ ರವಿವರ್ಮನ ಲಕ್ಷ್ಮಿ, ಸರಸ್ವತಿಯರು ಪ್ಯಾರಿಸ್ಸಿನ ಪೋಸ್ಟರುಗಳಿಗೆ ದಾಯಾದಿಗಳು! ಅಲ್ಲಿ ಜೂಲ್ ಶೆರೆ ಎಂಬ ಕಲಾವಿದ, ಕುಣಿಯುವ, ಮಂಜುಗಡ್ಡೆಯ ಮೇಲೆ ಜಾರಾಡುವ ಸೊಗಸುಗಾತಿಯರನ್ನು ಬಣ್ಣದ ಕಲ್ಲಚ್ಚಿನಲ್ಲಿ ಮುದ್ರಿಸಿ ಬೀದಿ ಗೋಡೆಗೆ ತಂದ. ಬಣ್ಣಕ್ಕೊಂದು ಕಲ್ಲು, ಕೂದಲೆಳೆಯಷ್ಟು ಸರಿದರೂ ಚಿತ್ರ ಕೆಟ್ಟಂತೆಯೇ. ಇದೇ ವಿಧಾನದ ಮುದ್ರಣಾಲಯವನ್ನು ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ. ದೇವತೆಗಳಿಗೂ ತನ್ನ ಕಾಲದ ಸೀರೆ, ರವಿಕೆ ತೊಡಿಸಿದ. ಉಡುಗೆಯ ಮೇಲೆ ಅವನಿಗೆಂಥ ಕಣ್ಣಿತ್ತೆಂದು ತಿಳಿಯಲು ಮೈಸೂರಿನ ಜಗನ್ಮೋಹನ ಅರಮನೆಗೇ ಹೋಗಬೇಕು. ಅಲ್ಲಿರುವ ಅವನ ಸಂಗೀತಗಾರ್ತಿಯರ ತೈಲಚಿತ್ರದಲ್ಲಿ 11 ಹೆಂಗಸರು; ಬಗೆಬಗೆಯ ಪ್ರಾಂತಗಳ ಉಡುಗೆ. ನಡುವೆ ಟೋಪಿ ಹಾಕಿದ ದೊರೆಸಾನಿಯೊಬ್ಬಳೂ ಇದ್ದಾಳೆ.